ಗಣಿ ಮುಚ್ಚಿತು, ಊರು ಇನ್ನೂ ಇದೆ

ನಮ್ಮೂರು ಬಂಗಾರಪೇಟೆ ಅಂದ ತಕ್ಷಣ ಜನ ಎರಡೇ ಮಾತು ಆಡ್ತಾರೆ. ಒಂದು, "ಓ, ಪಾನಿಪುರಿ!" ಇನ್ನೊಂದು, "ಅಲ್ಲಿ ಬಂಗಾರ ಸಿಗುತ್ತಲ್ವಾ?" ಪಾನಿಪುರಿ ವಿಷಯ ನಿಜ. ನೀರಿನಷ್ಟು ತಿಳಿಯಾದ ಆ ಪಾನಿ ಬೇರೆಲ್ಲೂ ಹಾಗೆ ಬರಲ್ಲ (ಈ ಬಗ್ಗೆ ಜಗಳಕ್ಕೂ ಸಿದ್ಧ). ಆದ್ರೆ ಊರಿನ ಹೆಸರಿಗೂ ಬಂಗಾರಕ್ಕೂ ಸಂಬಂಧ ಇಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ ಆಗಿತ್ತು, ಆಮೇಲೆ ಬಂಗಾರಪೇಟೆ ಆಯ್ತು. ಬಂಗಾರ ಇದ್ದದ್ದು ಪಕ್ಕದಲ್ಲಿ, ಕೆಜಿಎಫ್‌ನಲ್ಲಿ.

ಮೊನ್ನೆ ಊರಿಗೆ ಹೋದಾಗ ಸುಮ್ಮನೆ ಮಾರಿಕುಪ್ಪಂ ರೈಲು ಹತ್ತಿದೆ. ಕೆಲಸ ಏನೂ ಇರಲಿಲ್ಲ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ... ಸ್ಟೇಷನ್‌ಗಳ ಹೆಸರು ಓದ್ತಾ ಹೋದ್ರೆ ಹಳೇ ಕಂಪನಿಗಳ ಹಾಜರಿ ಪುಸ್ತಕ ಓದಿದ ಹಾಗೆ. ಗಣಿಗೋಸ್ಕರವೇ 1894ರಲ್ಲಿ ಹಾಕಿದ ದಾರಿ ಇದು. ಒಂದು ಕಾಲಕ್ಕೆ ಹೊರಗಿನ ಜನ ಕೆಲಸ ಹುಡುಕಿಕೊಂಡು ಇದೇ ದಾರಿಯಲ್ಲಿ ಒಳಗೆ ಬಂದ್ರು. ಈಗ ಬೆಳಗಿನ ಜಾವ ಊರಿನ ಸಾವಿರಾರು ಜನ ಕೆಲಸಕ್ಕೆ ಇದೇ ದಾರಿಯಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರ್ತಾರೆ.

ಸೈನೈಡ್ ಗುಡ್ಡದ ಹತ್ತಿರ ನಾಲ್ಕೈದು ಹುಡುಗರು ಫೋಟೋ ತೆಗೀತಾ ಇದ್ರು. 2018ರಲ್ಲಿ ಸಿನಿಮಾ ಬಂದ ಮೇಲೆ ಇದು ಮಾಮೂಲು. ಅವರ ಮೇಲೆ ನನಗೇನೂ ಕೋಪ ಇಲ್ಲ, ಸಿನಿಮಾದಿಂದಾದ್ರೂ ನಮ್ಮ ಕಡೆ ಜನ ತಿರುಗಿ ನೋಡಿದ್ರಲ್ಲ. ಆದ್ರೆ ಅವರಿಗೆ ತೋರಿಸೋಕೆ ಅಲ್ಲಿ ಒಂದು ಬೋರ್ಡೂ ಇಲ್ಲ ಅನ್ನೋದೇ ಬೇಜಾರು.

ಬೋರ್ಡ್ ಹಾಕೋಕೆ ವಿಷಯ ಇಲ್ವಾ? ನೋಡಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ! ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯ್ತು. ಅದೇ ಆಳದ ಕತ್ತಲಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದರು. ಪ್ರಪಂಚದಲ್ಲೇ ಮೊದಲು ಗುರುತಿಸಿದವರ ಸಾಲಿನಲ್ಲಿ ಇವರಿದ್ದಾರೆ. ನಮ್ಮ ಕಾಲೇಜಿನ ಭೌತಶಾಸ್ತ್ರ ಪುಸ್ತಕದಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ. ಇಪ್ಪತ್ತು ಕಿಲೋಮೀಟರ್ ಆಚೆ ನಡೆದದ್ದು ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ.

ಇನ್ನು ಮೇಲೆ, ನೆಲದ ಮೇಲೆ ಕಾಣೋದು. ದಿಬ್ಬದ ಮೇಲೆ ಸಾಹೇಬರ ಬಂಗಲೆಗಳು, ದೊಡ್ಡ ಕಾಂಪೌಂಡು, ಕ್ಲಬ್ಬು, ಚರ್ಚು. ಆಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳಿದ್ದ ಮನೆಗಳು. ಅದಾದ ಮೇಲೆ ಕಾರ್ಮಿಕರ 'ಲೈನ್'ಗಳು, ಕಾಲು ಚಾಚಿದರೆ ಗೋಡೆ ಸಿಗೋ ಅಷ್ಟು ಚಿಕ್ಕ ಮನೆಗಳ ಸಾಲು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಜನ, ಹೆಚ್ಚಿನವರು ದಲಿತರು, ಆ ಸಾಲುಗಳಲ್ಲಿ ತಲೆಮಾರುಗಟ್ಟಲೆ ಬದುಕಿದ್ದಾರೆ. 1930ರಲ್ಲಿ ಬೆರಳಚ್ಚು ಕೊಡಬೇಕು ಅನ್ನೋ ನಿಯಮದ ವಿರುದ್ಧ ಗಣಿಯನ್ನೇ ನಿಲ್ಲಿಸಿದ ಮುಷ್ಕರ ಹುಟ್ಟಿದ್ದು ಇವೇ ಸಾಲುಗಳಲ್ಲಿ.

ಈಗ ನನ್ನ ತಲೆ ತಿನ್ನುತ್ತಿರೋ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಹಳೇದನ್ನು ಉಳಿಸೋದು ಅಂದ್ರೆ ಒಂದು ಗುಡಿ, ಒಂದು ಕೋಟೆ, ಒಂದು ಅರಮನೆ. ಕೇಂದ್ರದ 1958ರ ಕಾಯ್ದೆ ಇರೋದು ಸ್ಮಾರಕಗಳಿಗೆ, ಅದೂ ನೂರು ವರ್ಷ ದಾಟಿದವಕ್ಕೆ. ಆ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್ ಅನುಮತಿ ತಗೊಂಡು ಕಟ್ಟಬೇಕು. ಬೇಲೂರಿಗೆ ಇದು ಸರಿ. ಕೆಜಿಎಫ್‌ನಲ್ಲಿ ಯಾವುದನ್ನು ಸ್ಮಾರಕ ಅಂತ ಆರಿಸ್ತೀರಿ? ಒಂದು ಚೆಂದದ ಬಂಗಲೆ ಆರಿಸಿ ಬಣ್ಣ ಹೊಡೆದ್ರೆ ಸಾಹೇಬರ ಕಥೆ ಮಾತ್ರ ಉಳಿಯುತ್ತೆ. ಒಂದು ಲೈನ್ ಮನೆಯನ್ನು ಒಂಟಿಯಾಗಿ ನೋಡಿದ್ರೆ ಅದು ಹಳೇ ಗೋಡೆ ಅಷ್ಟೆ. ಬಂಗಲೆಗೂ ಲೈನಿಗೂ ಇರೋ ದೂರ ಇದೆಯಲ್ಲ, ಅದನ್ನ ನಡೆದು ನೋಡಿದಾಗಲೇ ಇತಿಹಾಸ ಅರ್ಥ ಆಗೋದು. ಅಂದ್ರೆ ಉಳಿಸಬೇಕಾದದ್ದು ಕಟ್ಟಡ ಅಲ್ಲ, ಪ್ರದೇಶ.

ಇದೇನೂ ಹೊಸ ಯೋಚನೆ ಅಲ್ಲ. ಇಂಗ್ಲೆಂಡ್‌ನಲ್ಲಿ 1967ರಲ್ಲೇ ಇದಕ್ಕೊಂದು ಕಾಯ್ದೆ ಬಂತು. ಹಳೇ ಹಳ್ಳಿ, ಹಳೇ ಪೇಟೆಬೀದಿಯನ್ನು ಇಡಿಯಾಗಿ 'ಸಂರಕ್ಷಿತ ಪ್ರದೇಶ' ಅಂತ ಘೋಷಿಸೋದು. ಮೊದಲು ಆಗಿದ್ದು ಸ್ಟ್ಯಾಮ್‌ಫರ್ಡ್ ಅನ್ನೋ ಪಟ್ಟಣ, ಈಗ ಅಲ್ಲಿ ಅಂಥವು ಸುಮಾರು 10 ಸಾವಿರ ಇವೆ. ಜನ ಅಲ್ಲೇ ಇರ್ತಾರೆ, ಅಂಗಡಿ ನಡೆಸ್ತಾರೆ, ರಿಪೇರಿ ಮಾಡಿಸ್ತಾರೆ. ಆದ್ರೆ ಕೆಡವೋಕೆ ಮೊದಲು ಕೇಳಬೇಕು, ಹೊಸದು ಕಟ್ಟಿದ್ರೆ ಬೀದಿಗೆ ಒಪ್ಪೋ ಹಾಗಿರಬೇಕು.

ಇನ್ನೊಂದು ವಿಷಯ ಓದಿ ನಗು ಬಂತು, ಹೊಟ್ಟೆನೂ ಉರೀತು. ಕೆಜಿಎಫ್‌ನಲ್ಲಿ ಗಣಿ ನಡೆಸಿದ ಟೇಲರ್ ಕಂಪನಿಯ ಮೂಲಪುರುಷ ಜಾನ್ ಟೇಲರ್ ಕೆಲಸ ಶುರು ಮಾಡಿದ್ದು ಇಂಗ್ಲೆಂಡಿನ ಟ್ಯಾವಿಸ್ಟಾಕ್ ಹತ್ತಿರದ ತಾಮ್ರದ ಗಣಿಯಲ್ಲಿ. ಪಕ್ಕದ ಕಾರ್ನ್‌ವಾಲ್‌ನಿಂದ ಎಷ್ಟೋ ಗಣಿಗಾರರು ನಮ್ಮಲ್ಲಿಗೂ ಬಂದ್ರು. ಅಲ್ಲೂ ಗಣಿಗಳು ಮುಚ್ಚಿದವು. ಆದ್ರೆ ಆ ಎಂಜಿನ್ ಮನೆಗಳು, ಕಾಲುವೆಗಳು, ಕಾರ್ಮಿಕರ ಮನೆಸಾಲುಗಳು ಎಲ್ಲಾ ಸೇರಿ ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಪ್ರದೇಶ 2006ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ! ನಮ್ಮ ಕಡೆ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಪಂಪು ನಿಂತು ಸುರಂಗಕ್ಕೆ ನೀರು ತುಂಬಿಕೊಳ್ತು, ಯಂತ್ರಗಳು ತುಕ್ಕು ಹಿಡಿದವು, ಕೈಗೆ ಸಿಕ್ಕ ಕಬ್ಬಿಣ ಗುಜರಿಗೆ ಹೋಯ್ತು.

ನಮ್ಮಲ್ಲಿ ಕಾನೂನು ಇಲ್ವೇ ಇಲ್ಲ ಅನ್ನೋ ಹಾಗೂ ಇಲ್ಲ. ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 'ಪಾರಂಪರಿಕ ಕಟ್ಟಡ'ದ ಜೊತೆಗೆ 'ಪಾರಂಪರಿಕ ಪ್ರದೇಶ' ಅನ್ನೋ ಮಾತೂ ಇದೆ. ಕೆಜಿಎಫ್‌ಗೆ ಅದರದೇ ನಗರಾಭಿವೃದ್ಧಿ ಪ್ರಾಧಿಕಾರವೂ ಇದೆ. ಆದ್ರೆ ಗಣಿಯ ಸುಮಾರು 12 ಸಾವಿರ ಎಕರೆ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿರೋದ್ರಿಂದ ಪ್ಲಾನು ಬರೆಯೋರು ಒಬ್ಬರು, ಜಾಗ ಇಟ್ಟುಕೊಂಡೋರು ಇನ್ನೊಬ್ಬರು. ಈ ಮಧ್ಯೆ 2024ರ ಜೂನ್‌ನಲ್ಲಿ ಸೈನೈಡ್ ಗುಡ್ಡಗಳನ್ನು ಮತ್ತೆ ಅಗೆದು ಬಂಗಾರ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆ, 13 ಗುಡ್ಡ. ಗಾಳಿ ಕಾಲದಲ್ಲಿ ಆ ಧೂಳು ಕುಡಿದವರಿಗೆ ಗುಡ್ಡ ಹೋದ್ರೆ ಸಂತೋಷವೇ. ಗುಡ್ಡ ಉಳಿಸಿ ಅಂತ ನಾನೂ ಹೇಳಲ್ಲ. ಆದ್ರೆ ಲಾರಿ, ಬುಲ್ಡೋಜರ್ ಬರೋಕೆ ಮುಂಚೆ ಸುತ್ತಮುತ್ತ ಏನೇನಿದೆ ಅಂತ ಒಂದು ಪಟ್ಟಿಯಾದ್ರೂ ಬೇಡ್ವಾ?

ಗಣಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ದೊಡ್ಡಪ್ಪನ ಹತ್ತಿರ ಇದನ್ನೆಲ್ಲಾ ಉತ್ಸಾಹದಿಂದ ಹೇಳಿದೆ. ಅವರು ಕಾಫಿ ಕುಡೀತಾ ಪೂರ್ತಿ ಕೇಳಿಸಿಕೊಂಡು, "ಬೋರ್ಡ್ ಹಾಕ್ತಾರೆ ಸರಿ, ಆಮೇಲೆ ಅಲ್ಲಿರೋರನ್ನ ಎಲ್ಲಿಗೆ ಕಳಿಸ್ತಾರೆ?" ಅಂದ್ರು. ನಾನು ಸುಮ್ಮನಾದೆ.

ಅವರು ಕೇಳಿದ್ರಲ್ಲಿ ತಪ್ಪೇನಿಲ್ಲ. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮನೆ ಅಂಗಡಿಗಳನ್ನು ಕೆಡವಿದ್ದು ನಿಮಗೂ ನೆನಪಿರಬಹುದು. ಉಳಿಸಿದ್ದು ಕಲ್ಲು, ಎಬ್ಬಿಸಿದ್ದು ಜನ. ಮಂಟಪಗಳನ್ನು ಒತ್ತುವರಿ ಮಾಡಿದ್ದರು ಅನ್ನೋ ವಾದ ಇದೆ, ಇರಲಿ. ಕೆಜಿಎಫ್‌ನ ಲೈನ್‌ಗಳಲ್ಲಿ ಇರೋರು ಒತ್ತುವರಿ ಮಾಡಿ ಬಂದವರಲ್ಲ. ಗಣಿಯೇ ಅವರನ್ನು ಅಲ್ಲಿ ಇರಿಸಿತು, ಆಮೇಲೆ ಗಣಿಯೇ ಎದ್ದು ಹೋಯ್ತು. ಮನೆ ಹಕ್ಕಿನ ಮಾತು ವರ್ಷಗಟ್ಟಲೆ ಎಳೆದಾಡಿದೆ. ಹಕ್ಕೇ ಗಟ್ಟಿಯಿಲ್ಲದವನಿಗೆ 'ನಿನ್ನ ಮನೆ ಪರಂಪರೆ, ಗೋಡೆ ಒಡೀಬೇಡ' ಅಂದ್ರೆ ಅವನಿಗೆ ಕೇಳಿಸೋದು 'ಜಾಗ ಖಾಲಿ ಮಾಡು' ಅಂತಲೇ.

ಅದಕ್ಕೇ ನನಗೆ ಅನ್ಸೋ ಕ್ರಮ ಹೀಗೆ. ಮೊದಲು ಅಲ್ಲಿರೋರ ಕೈಗೆ ಮನೆ ಪತ್ರ. ಆಮೇಲೆ ಪ್ರದೇಶ ಘೋಷಣೆ: ಬಂಗಲೆ, ಲೈನು, ಶಾಫ್ಟು, ಚರ್ಚು, ರೈಲ್ವೆ ಸ್ಟೇಷನ್ನು ಎಲ್ಲಾ ಒಂದೇ ನಕ್ಷೆಯಲ್ಲಿ, ನಮ್ಮ ಬಂಗಾರಪೇಟೆ ಜಂಕ್ಷನ್‌ನಿಂದಲೇ ಶುರುವಾಗಲಿ. ಬೀದಿ ಕಡೆಯ ಮುಖ ಹಾಗೇ ಇರಲಿ, ಒಳಗೆ ಬಚ್ಚಲು, ಅಡಿಗೆಮನೆ ಅವರಿಗೆ ಬೇಕಾದ ಹಾಗೆ ಕಟ್ಟಿಕೊಳ್ಳಲಿ. ರಿಪೇರಿಗೆ ದುಡ್ಡಿನ ಸಹಾಯವೂ ಸಿಗಲಿ, ಬರೀ ನಿಯಮ ಹೇಳಿದ್ರೆ ಛಾವಣಿ ನಿಲ್ಲಲ್ಲ. ದಾರಿ ತೋರಿಸೋ ಕೆಲಸ ಗಣಿಗೆ ಇಳಿದವರ ಮಕ್ಕಳಿಗೇ ಸಿಗಲಿ. ಅವರಲ್ಲಿ ಕೆಲವರಾದ್ರೂ ದಿನಾ ನಾಲ್ಕು ಗಂಟೆ ರೈಲಿನಲ್ಲಿ ಕಳೆಯೋದು ತಪ್ಪುತ್ತೆ.

ದೊಡ್ಡಪ್ಪ ಈ ಪಟ್ಟಿ ನೋಡಿ, "ಮೊದಲನೇದು ಆದ್ರೆ ಸಾಕು ಬಿಡು, ಉಳಿದದ್ದು ನಾವೇ ಮಾಡ್ಕೋತೀವಿ" ಅಂದ್ರು.

ನಿಮ್ಮೂರಲ್ಲೂ ಇಂಥ ಪೇಟೆಬೀದಿ, ಅಗ್ರಹಾರ, ಗಿರಣಿ ಕಾಲೋನಿ ಏನಾದ್ರೂ ಇದ್ಯಾ? ಅದನ್ನ ಉಳಿಸಿದ್ರೆ ಅಲ್ಲಿರೋರು ಉಳೀತಾರಾ? ಬರೆದು ತಿಳಿಸಿ. ಹಾಗೇ ಬಂಗಾರಪೇಟೆ ಕಡೆ ಬಂದ್ರೆ ಪಾನಿಪುರಿ ತಿಂದು, ಮಾರಿಕುಪ್ಪಂ ರೈಲು ಹತ್ತಿ, ಕೊನೇ ಸ್ಟೇಷನ್ ತನಕ ಹೋಗಿ ಬನ್ನಿ.