ವಿಠ್ಠಲಾಚಾರ್ಯರ ದೆವ್ವಗಳು

ತರಗತಿಯಲ್ಲಿ ಪಂಪ, ಕುಮಾರವ್ಯಾಸರನ್ನು ಬೋಧಿಸಿದ ಈ ಮೇಷ್ಟರಿಗೆ ದೆವ್ವದ ಸಿನಿಮಾಗಳ ಗೀಳಿತ್ತೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. ಅದೂ ಒಳ್ಳೆಯ ಚಿತ್ರಗಳಲ್ಲ. ಹಾರುವ ಪಿಶಾಚಿಯ ಬೆನ್ನಿನ ದಾರ ಕಾಣುವ, ಅಸ್ಥಿಪಂಜರದ ಕೈ ಕಳಚಿ ಬೀಳುವಂತಿರುವ, ಮಂತ್ರವಾದಿಯ ಗಡ್ಡ ಒಂದು ಕಡೆ ಅಂಟು ಬಿಟ್ಟಿರುವ ಚಿತ್ರಗಳೇ ನನಗೆ ಪ್ರಿಯ.

ಈ ಪ್ರಕಾರದ ಗುರು ಬಿ. ವಿಠ್ಠಲಾಚಾರ್ಯರು. ತೆಲುಗರು 'ಜಾನಪದ ಬ್ರಹ್ಮ'ನೆಂದು ಕೊಂಡಾಡುವ ಇವರು ನಮ್ಮ ಉಡುಪಿ ಸೀಮೆಯವರು, 1920ರಲ್ಲಿ ಜನಿಸಿದವರು. ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸಿಗೆ ಕೈಹಾಕಿ, ಬಳಿಕ ಮೈಸೂರಿನಲ್ಲಿ ಡಿ. ಶಂಕರಸಿಂಗ್ ಅವರೊಡನೆ ಮಹಾತ್ಮ ಪಿಕ್ಚರ್ಸ್ ಮೂಲಕ 'ನಾಗಕನ್ನಿಕಾ' (1949), 'ಜಗನ್ಮೋಹಿನಿ' (1951) ಚಿತ್ರಗಳ ನಿರ್ಮಾಣದಲ್ಲಿ ಪಾಲುಗೊಂಡರು. ಆಮೇಲೆ ಮದರಾಸು ಸೇರಿ ತೆಲುಗಿನಲ್ಲಿ ನೆಲೆನಿಂತರು. ಕರೆದ ದಿನ ಬಾರದ ನಟನ ಪಾತ್ರಕ್ಕೆ ಶಾಪ ಕೊಡಿಸಿ, ಅವನನ್ನು ಗಿಳಿಯನ್ನಾಗಿಯೋ ಕುರಿಯನ್ನಾಗಿಯೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರೆಂಬ ಕತೆ ಚಿತ್ರರಂಗದಲ್ಲಿದೆ. ನಿಜವೋ ಸುಳ್ಳೋ, ಚಿತ್ರಗಳನ್ನು ನೋಡಿದವರು ನಂಬುತ್ತಾರೆ!

ಅವರ 1978ರ ತೆಲುಗು 'ಜಗನ್ಮೋಹಿನಿ' ಒಂದೆರಡು ವರ್ಷ ತಡವಾಗಿ ಹನಕೆರೆ ಕಡೆಯ ಟೆಂಟಿಗೂ ಬಂದಿತು. ನೆಲದ ಮೇಲೆ ಮರಳು, ಹಿಂದೆ ಬೆಂಚು, ನಡುವೆ ಬೀಡಿಯ ಹೊಗೆ. ತೆಲುಗು ಬಲ್ಲವರು ಯಾರೂ ಇರಲಿಲ್ಲ. ಬಲ್ಲಂತೆ ನಟಿಸಿ ಅರ್ಥ ಹೇಳುವವರು ಬೇಕಾದಷ್ಟಿದ್ದರು. ಹೊಸ ಸೊಸೆಯ ವೇಷದಲ್ಲಿ ಬಂದ ಮೋಹಿನಿ, ಜಯಮಾಲಿನಿ, ಅಡಿಗೆಮನೆಯಲ್ಲಿ ತನ್ನ ಕಾಲನ್ನೇ ಒಲೆಗಿಟ್ಟು ಉರಿ ಮಾಡುತ್ತಾಳೆ. ಕ್ಷಣಕಾಲ ಟೆಂಟೆಲ್ಲ ನಿಶ್ಶಬ್ದ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬಾಕೆ, "ಸೌದೆ ಕಾಸು ಉಳೀತು ಕನವ್ವ!" ಎಂದಳು. ಆ ನಗೆಯಲ್ಲಿ ಮುಂದಿನ ನಾಲ್ಕು ಸಂಭಾಷಣೆಗಳು ಕೊಚ್ಚಿಹೋದವು. ಅದೇ ಹೆಂಗಸರು, ಆಟ ಬಿಟ್ಟಮೇಲೆ ಆಳೆತ್ತರದ ಕಬ್ಬಿನ ನಡುವಣ ದಾರಿಯಲ್ಲಿ ಗರಿಗಳು ಸರಸರವೆಂದಾಗ ಒಬ್ಬರ ಸೆರಗನ್ನೊಬ್ಬರು ಹಿಡಿದು ನಡೆದರು.

1979ರಲ್ಲಿ ತೆರೆಕಂಡ ಅನಂತನಾಗ್, ಲಕ್ಷ್ಮಿಯವರ 'ನಾ ನಿನ್ನ ಬಿಡಲಾರೆ' ಅಚ್ಚುಕಟ್ಟಾದ ಚಿತ್ರ. ಅದನ್ನು ನೋಡುವಾಗ ಯಾರೂ ಮಾತನಾಡಲಿಲ್ಲ, ಹೆದರಿದೆವು ಅಷ್ಟೆ. ಕಳಪೆ ಚಿತ್ರ ಹಾಗಲ್ಲ. ಅರ್ಧ ಕೆಲಸವನ್ನು ನಮಗೇ ಬಿಟ್ಟುಬಿಡುತ್ತದೆ. ಹೆದರುವುದನ್ನೂ ನಗುವುದನ್ನೂ ನಾವೇ ಸೇರಿ ಮಾಡಿಕೊಳ್ಳಬೇಕು. ನಮ್ಮೂರ ಬಯಲಾಟದಲ್ಲಿ ರಾಕ್ಷಸನ ವೇಷದೊಳಗಿರುವವನು ಪಕ್ಕದ ಮನೆಯವನೆಂದು ಗೊತ್ತಿದ್ದೂ ಮಕ್ಕಳು ಕಿರುಚುತ್ತಿದ್ದರಲ್ಲ, ಅಂಥದ್ದೇ ಸುಖವಿದು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಬಹಳ ತಡವಾಗಿ. ಈ ಚಿತ್ರಗಳಲ್ಲಿ ದೆವ್ವಕ್ಕಿಂತ ಕೇಡಿಗ ಸಾಮಾನ್ಯವಾಗಿ ಮಂತ್ರವಾದಿಯೇ. ಹಳ್ಳಿಯಲ್ಲಾದರೋ ಅವನಿಗೆ ಮಣೆ ಹಾಕಿ, ಹಾಲು ಕೊಟ್ಟು ಕೂರಿಸುತ್ತಿದ್ದೆವು.

ತೊಂಬತ್ತರ ದಶಕದಲ್ಲಿ ನಾನು ಕೆಲಸದಲ್ಲಿದ್ದ ಒಂದು ಊರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ವಾರ ಶಾಲೆಗೆ ಬರಲಿಲ್ಲ. ಮೈಮೇಲೆ ಬಂದಿದೆಯೆಂದರು. ನಾನೂ ಸಹೋದ್ಯೋಗಿಯೊಬ್ಬರೂ ಮನೆಗೆ ಹೋದೆವು. ಹುಣಸೆಬರಲಿನ ಏಟುಗಳು ಮೊಣಕೈವರೆಗೆ ಎದ್ದು ಕಾಣುತ್ತಿದ್ದವು. ತಾಯಿ ಒಳಗೆ ಅಳುತ್ತಿದ್ದರು; ತಂದೆ, "ಅವ್ಳಿಗಲ್ಲ ಸಾ ಹೊಡ್ದಿದ್ದು, ಅದ್ಕೆ" ಎಂದರು. ಆತನ ಕಣ್ಣಲ್ಲೂ ನೀರಿತ್ತು. ಆ ಮಾತನ್ನು ಆತ ನಿಜವಾಗಿಯೂ ನಂಬಿದ್ದರು. ಮದುವೆಯ ಮಾತುಕತೆ ನಡೆದ ವಾರದಿಂದಲೇ ಅವಳು ಊಟ ಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ನಾಲ್ಕಾರು ಸಲ ಹೋಗಿಬಂದ ಮೇಲೆ ಮದುವೆ ಮುಂದಕ್ಕೆ ಹೋಯಿತು, ಅವಳು ಶಾಲೆಗೆ ಮರಳಿದಳು. ಒಂದು ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು ಕೇಳಿದಳು: "ಸಾರ್, ಸಿನಿಮಾದಲ್ಲಿ ದೆವ್ವಕ್ಕೆ ಹೊಡೆದ್ರೆ ಹೊಗೆಯಾಗಿ ಹೋಯ್ತದೆ. ನಂಗ್ಯಾಕೆ ಬಾಸುಂಡೆ ಬಂತು?"

ಹತ್ತನೆಯ ತರಗತಿ ಪಾಸಾದಳೆಂಬುದಷ್ಟೇ ನನಗೆ ಗೊತ್ತಿರುವುದು.

ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಅಪರಾಧವೆನ್ನುವ ವಾಮಾಚಾರ ತಡೆ ಕಾಯಿದೆ ನಮ್ಮ ರಾಜ್ಯದಲ್ಲಿ 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂದಿತು. ಆ ಹೊತ್ತಿಗೆ ನಾನು ನಿವೃತ್ತನಾಗಿದ್ದೆ.

ಈಗಲೂ ರಾತ್ರಿ ನಿದ್ದೆ ಬಾರದಿದ್ದರೆ ಫೋನಿನಲ್ಲಿ ಆ ಹಳೆಯ ಚಿತ್ರಗಳನ್ನು ಹಾಕಿಕೊಳ್ಳುತ್ತೇನೆ. ಮನೆಯಾಕೆ ಗೊಣಗುತ್ತಾಳೆ, ಸ್ವಲ್ಪ ಹೊತ್ತಿಗೆ ತಾನೂ ಪಕ್ಕದಲ್ಲಿ ಬಂದು ಕೂರುತ್ತಾಳೆ. ತಲೆಬುರುಡೆ ಮಾತನಾಡಲಿ, ಕೊರಳಿಲ್ಲದ ಮುಂಡ ಕುಣಿಯಲಿ, ಇಬ್ಬರೂ ನಗುತ್ತೇವೆ. ಹೆಣ್ಣೊಬ್ಬಳ ತಲೆಗೂದಲು ಬಿಚ್ಚಿ ಕೂರಿಸಿ, ಯಾರಾದರೂ ಕೈಗೆ ಬರಲು ತೆಗೆದುಕೊಂಡರೆ ಮಾತ್ರ ಬೆರಳಿಟ್ಟು ಮುಂದಕ್ಕೆ ಓಡಿಸಿಬಿಡುತ್ತೇನೆ.