ಗುರುಗಳ, ನೀವು ಯಾವ ಪಾರ್ಟಿಯವರ್ರಿ?



ಕಳೆದ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಬನಶಂಕರಿ ದೇವಿಯ ದರ್ಶನ ಮುಗಿಸಿ ಹರಿದ್ರಾತೀರ್ಥದ ದಂಡೆಯಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದೆ. ಚೊಳಚಗುಡ್ಡದ ಹಾದಿಯುದ್ದಕ್ಕೂ ನಾಟಕ ಕಂಪನಿಗಳ ಧ್ವನಿವರ್ಧಕಗಳು ಒಂದನ್ನೊಂದು ಮೀರಿಸಿ ಕೂಗುತ್ತಿದ್ದವು. ಆಗ ಹಳೆಯ ಶಿಷ್ಯನೊಬ್ಬ ಬಂದು ನಮಸ್ಕರಿಸಿದ. ಈಗ ಆತ ಒಂದು ಪಕ್ಷದ ಹುರುಪಿನ ಕಾರ್ಯಕರ್ತ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಮೆಲ್ಲನೆ ಕೇಳಿದ:

"ಗುರುಗಳ, ಸಿಟ್ಟಾಗಬ್ಯಾಡ್ರಿ. ನೀವು ಯಾವ ಪಾರ್ಟಿಯವರ್ರಿ? ವಾರಕ್ಕೊಮ್ಮೆ ಗುಡಿಗೆ ಬರತೀರಿ. ಭೂಸುಧಾರಣೆ ಛಲೋ ಆತು ಅಂತೀರಿ. ಎಮರ್ಜೆನ್ಸಿ ಅಂದ್ರ ಉರಿದು ಬೀಳತೀರಿ. ನಮಗ ಲೆಕ್ಕನ ಹತ್ತವಲ್ದು!"

ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಕಲಿಸಿದವನಿಗೆ ಬಂದ ಮಾತಿದು! ನಕ್ಕು ಸುಮ್ಮನಾದೆ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ನೌಕರಿಯಲ್ಲಿದ್ದಾಗ ಮತಗಟ್ಟೆಯ ಕೆಲಸಕ್ಕೆ ಹೋಗುತ್ತಿದ್ದ ನಮಗೆ ಪಕ್ಷಗಳ ವಿಷಯದಲ್ಲಿ ಮೌನವೇ ಧರ್ಮವಾಗಿತ್ತು. ನಿವೃತ್ತಿಯ ಬಳಿಕವೂ ಅದೇ ಮೌನವನ್ನು ಕಾಯ್ದುಕೊಂಡು ಬಂದರೆ ಅದಕ್ಕೆ ಅಳುಕೆಂದೇ ಹೆಸರು. ನನ್ನ ಮತ ಗುಪ್ತವಾಗಿಯೇ ಇರಲಿ. ನನ್ನ ಅಭಿಪ್ರಾಯಗಳನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ಮಲಪ್ರಭೆಯ ದಂಡೆಯ ಸೀಮೆಯಲ್ಲಿ ನಮ್ಮ ಮನೆತನಕ್ಕೆ ಹನ್ನೆರಡು ಎಕರೆ ಎರೆಭೂಮಿಯಿತ್ತು. ಆರು ಎಕರೆ ಅಪ್ಪನ ಪಾಲು, ಆರು ಎಕರೆ ಕಾಕಾನ ಪಾಲು. ನಮ್ಮಲ್ಲಿ ಯಾರೂ ಕೂರಿಗೆ ಹಿಡಿದವರಲ್ಲ. ಒಂದೇ ರೈತ ಕುಟುಂಬ ಎರಡು ತಲೆಮಾರಿನಿಂದ ಅದನ್ನು ಲಾವಣಿಗೆ ಮಾಡುತ್ತಿತ್ತು. ಜೋಳ, ಕಡಲೆಯ ಚೀಲಗಳು ವರ್ಷವರ್ಷವೂ ನಮ್ಮ ಪಡಸಾಲೆಗೆ ಬಂದು ಬೀಳುತ್ತಿದ್ದವು. ಅವು ಎಲ್ಲಿಂದ ಬರುತ್ತವೆಂದು ನಾನು ಬಹುಕಾಲ ವಿಚಾರ ಮಾಡಿರಲಿಲ್ಲ.

ದೇವರಾಜ ಅರಸರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸಿದ್ಧಪಡಿಸಿದರೆ ಭೂಮಿ ಅವನದಾಗುತ್ತಿತ್ತು. ನಮ್ಮ ರೈತನೂ ಅರ್ಜಿ ಹಾಕಿದ. ನಮ್ಮ ಭೂಮಿ ಹೋದದ್ದು ಹೀಗೆ. ಇಷ್ಟು ಬಂಧುಗಳಿಗೆಲ್ಲ ಗೊತ್ತು. ಗೊತ್ತಿಲ್ಲದ ಒಂದು ಸಂಗತಿಯನ್ನು ಇಂದು ಹೇಳುತ್ತೇನೆ: ಆ ಅರ್ಜಿಯನ್ನು ತುಂಬಿಕೊಟ್ಟವನು ನಾನು.

ಅದು 1976. ನಾನು ಆಗ ಕಾಲೇಜು ವಿದ್ಯಾರ್ಥಿ. ರಜೆಗೆ ಊರಿಗೆ ಬಂದಿದ್ದಾಗ ಒಂದು ಸಂಜೆ ಆ ರೈತ ಹಿತ್ತಲ ಬಾಗಿಲಲ್ಲಿ ನಿಂತು, ಮಡಿಚಿದ ಕಾಗದವೊಂದನ್ನು ನನ್ನ ಕೈಗಿಟ್ಟ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲವರೆಲ್ಲ ಹೊಲದ ಧಣಿಗಳ ಕಡೆಯವರೇ, ಯಾರನ್ನು ಕೇಳಬೇಕು? "ತಮ್ಮಾ, ನಿಮ್ಮ ಮ್ಯಾಲಿನ ಅರ್ಜೀನ ನಿಮ್ಮ ಕಡಿಂದ ಬರಸೂದು ಪಾಪ ಅನಸ್ತೈತಿ, ಖರೆ ಬ್ಯಾರೆ ಯಾರ ಅದಾರ?" ಎಂದ. ಅವನ ಅಂಗೈಯ ಬಿರುಕುಗಳನ್ನು ನೋಡಿದೆ. ಸರ್ವೆ ನಂಬರುಗಳನ್ನು ಬರೆದೆ. ಅಪ್ಪನ ಆರು ಎಕರೆ ಬರೆಯುವಾಗ ಕೈ ನಡುಗಲಿಲ್ಲ. ಅಪ್ಪನಿಗೆ ಶಾಲೆಯ ಸಂಬಳವಿತ್ತು. ಕಾಕಾನ ಆರು ಎಕರೆ ಬರೆಯುವಾಗ ನಡುಗಿತು.

ಕಾಕಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಕಾಕುವಿಗೆ ಆ ಭೂಮಿಯ ಹೊರತು ಬೇರೆ ಆಧಾರವಿರಲಿಲ್ಲ. ಮಗನಿಗೆ ಆಗ ಆರು ವರ್ಷ. ಹಿಂದಿನ ಕಾಯ್ದೆಯಲ್ಲಿ ವಿಧವೆಯರಿಗೂ ಅಪ್ರಾಪ್ತರಿಗೂ ಇದ್ದ ರಿಯಾಯತಿ 1974ರ ತಿದ್ದುಪಡಿಯಲ್ಲಿ ಉಳಿಯಲಿಲ್ಲ; ಸೈನಿಕರು, ನಾವಿಕರಂಥವರಿಗೆ ಮಾತ್ರ ಉಳಿಯಿತು. ದೊಡ್ಡ ಜಮೀನುದಾರರು ವಿಧವೆಯರ ಹೆಸರಿನ ಮರೆಯಲ್ಲಿ ಕಾಯ್ದೆಯಿಂದ ನುಣುಚಿಕೊಳ್ಳಬಾರದೆಂಬ ಎಚ್ಚರ ಬೇಕಿತ್ತೆಂಬುದನ್ನು ಒಪ್ಪುತ್ತೇನೆ. ಆದರೆ ಆರು ಎಕರೆಯ ವಿಧವೆಯನ್ನೂ ಅರುವತ್ತು ಎಕರೆಯ ಧಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ತಪ್ಪೆಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಉಳುವವನಿಗೆ ಭೂಮಿ ಸಿಕ್ಕದ್ದು ಸರಿ ಎಂಬ ನನ್ನ ನಂಬಿಕೆ ಇದರಿಂದ ಅಲುಗಲಿಲ್ಲ. ಮುಂದೆ ಆ ರೈತನ ಮೊಮ್ಮಗಳು ನನ್ನ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಬೀಜಗಣಿತ ಬಿಡಿಸಿದಳು. ಅವರ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಹೀಗಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಹಾದಿ ತೆರೆದ 2020ರ ತಿದ್ದುಪಡಿಯನ್ನು ನಾನು ಒಪ್ಪಲಾರೆ.

ಇಷ್ಟು ಹೇಳಿದರೆ ಒಂದು ಪಕ್ಷದವರು ನನ್ನನ್ನು ತಮ್ಮವನೆಂದುಕೊಳ್ಳುತ್ತಾರೆ. ಆದರೆ ಆ ಅರ್ಜಿ ಬರೆದ ದಿನಗಳಲ್ಲೇ, ನನಗೆ ಕನ್ನಡ ಕಲಿಸಿದ ಮಾಸ್ತರರೊಬ್ಬರು ವಿಚಾರಣೆಯಿಲ್ಲದೆ ಸೆರೆಮನೆಯಲ್ಲಿದ್ದರು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯನ್ನು ಕಂಡವರಿಗೆ ಆ ಪಿಸುಮಾತಿನ ಕಾಲ ನೆನಪಿದ್ದೀತು. ಭೂಮಿ ಕೊಟ್ಟದ್ದೂ ಬಾಯಿ ಕಟ್ಟಿದ್ದೂ ಒಂದೇ ಪಕ್ಷ. ಕೂಡುವ ಲೆಕ್ಕದಲ್ಲಿ ಒಂದನ್ನು, ಕಳೆಯುವ ಲೆಕ್ಕದಲ್ಲಿ ಇನ್ನೊಂದನ್ನು ಬರೆದಿಟ್ಟಿದ್ದೇನೆ; ಒಂದರಿಂದ ಇನ್ನೊಂದನ್ನು ಅಳಿಸಿಲ್ಲ.

ರಾಮಕೃಷ್ಣ ಹೆಗಡೆಯವರ ಜನತಾ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಾದವು. ಅದಕ್ಕೆ ಕೈಮುಗಿದೆ. 2007ರ ಜುಲೈ 1ರಿಂದ ಜೆಡಿಎಸ್–ಬಿಜೆಪಿ ಸಮ್ಮಿಶ್ರ ಸರಕಾರ ಸಾರಾಯಿ ನಿಷೇಧಿಸಿದಾಗಲೂ ಕೈಮುಗಿದೆ. ಪಾಕೀಟು ಸಾರಾಯಿ ಕುಡಿದ ಅಪ್ಪನ ಹೊಡೆತ ತಿಂದು ಶಾಲೆಗೆ ಬರುತ್ತಿದ್ದ ಮಕ್ಕಳ ಮುಖ ನೋಡಿದವನು ನಾನು. ಕುಡಿತ ಅಷ್ಟಕ್ಕೇ ನಿಲ್ಲಲಿಲ್ಲ, ಬೇರೆ ಬಾಟಲಿಗೆ ಹೋಯಿತು ಎಂಬುದೂ ನಿಜ.

ಇನ್ನು ಗುಡಿಯ ಮಾತು. ಬನಶಂಕರಿಯಮ್ಮ ನನ್ನ ಮನೆದೇವರು. ರಥೋತ್ಸವಕ್ಕೆ ಮುನ್ನ ಪಲ್ಲೇದ ಹಬ್ಬದಂದು ಶಾಕಾಂಬರಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುವಾಗ ನನ್ನ ಕಣ್ಣು ಇಂದಿಗೂ ತುಂಬಿ ಬರುತ್ತವೆ. ಈ ಭಕ್ತಿಯನ್ನು ಕಂಡು ನನ್ನ ಮತವನ್ನು ಊಹಿಸುವವರಿಗೆ ಹೇಳುವುದಿಷ್ಟೆ: ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೆಯ ಕಲಮಿನ ಪ್ರಕಾರ ಭ್ರಷ್ಟಾಚರಣೆ. ಕಾಯ್ದೆ ಇಲ್ಲದಿದ್ದರೂ ತಾಯಿಯನ್ನು ಪ್ರಚಾರಕ್ಕೆ ಕರೆತರುವುದು ನನಗೆ ಸಲ್ಲದು.

ಹೀಗೆ, ನನ್ನ ಅಭಿಪ್ರಾಯಗಳು ಒಂದೇ ಅಂಗಡಿಯಿಂದ ಗಂಟು ಕಟ್ಟಿ ತಂದವುಗಳಲ್ಲ. ಒಂದೊಂದೂ ಒಬ್ಬೊಬ್ಬ ಮನುಷ್ಯನಿಂದ ಬಂದದ್ದು: ಹಿತ್ತಲ ಬಾಗಿಲ ರೈತ, ಸೆರೆಮನೆಯ ಮಾಸ್ತರರು, ಹೊಡೆತ ತಿಂದ ಹುಡುಗ. ಯಾವುದೋ ಪಕ್ಷಕ್ಕೆ ಒಪ್ಪುವುದಿಲ್ಲವೆಂದು ಇವರಲ್ಲಿ ಯಾರನ್ನು ಮರೆಯಲಿ?

2018ರಲ್ಲಿ ನಮ್ಮ ಬಾದಾಮಿ ಕ್ಷೇತ್ರದಲ್ಲಿ ಸಿದ್ದರಾಮಯ್ಯನವರು ಶ್ರೀರಾಮುಲು ಅವರೆದುರು 1,696 ಮತಗಳಿಂದ ಗೆದ್ದರು. ಆ ಚುನಾವಣೆಯ ಕಾವಿನಲ್ಲಿ ಮನೆಮನೆಗಳೇ ಒಡೆದಿದ್ದವು. ನಮ್ಮ ಮನೆಯ ಮದುವೆಯೊಂದರಲ್ಲಿ ಭೂಸುಧಾರಣೆಯ ಮಾತು ಬಂದು, ನಾನು ಅದನ್ನು ಸಮರ್ಥಿಸಿದೆ. ಕಾಕುವಿನ ಮಗ ಊಟದ ಎಲೆ ಬಿಟ್ಟು ಎದ್ದ. ಅಂದಿನಿಂದ ಅವನು ನನ್ನೊಡನೆ ಮಾತಾಡಿಲ್ಲ.

ತಮ್ಮಾ, ಈ ಬರಹವನ್ನು ನಿನ್ನ ಮಗಳು ನಿನಗೆ ಓದಿ ಹೇಳುತ್ತಾಳೆಂಬುದು ನನಗೆ ಗೊತ್ತು. ಅಂದು ನಾನು ವಾದದಲ್ಲಿ ಗೆಲ್ಲಲು ಹೋಗಿ, ನಿನ್ನವ್ವ ಪರರ ಮನೆಯ ಹಪ್ಪಳ ಸಂಡಿಗೆ ಮಾಡಿ ನಿನ್ನನ್ನು ಓದಿಸಿದ್ದನ್ನು ಹೇಳದೆ ಬಿಟ್ಟೆ. ಅರ್ಧ ಸತ್ಯ ಹೇಳಿದೆ. ಕಾಕು ಬದುಕಿರುವವರೆಗೂ ಆ ಅರ್ಜಿಯ ಕೈಬರಹ ಯಾರದೆಂದು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅರ್ಜಿ ಬರೆದದ್ದಕ್ಕೆ ಕ್ಷಮೆ ಕೇಳಲಾರೆ; ಬಚ್ಚಿಟ್ಟದ್ದಕ್ಕೆ ಕೇಳುತ್ತೇನೆ. ಬರುವ ಬನದ ಹುಣ್ಣಿಮೆಗೆ ಬಾ. ಎಲ್ಲವನ್ನೂ ಎದುರಿಗೆ ಕುಳಿತು ಹೇಳುತ್ತೇನೆ, ಬೈಯುವುದಿದ್ದರೆ ಬೈಯ್ಯಿ. ಊಟ ಮಾತ್ರ ನಮ್ಮ ಮನೆಯಲ್ಲಿ.