ಬಿಸಿಲಿನ ಕಾಳುಗಳು

ವಾಡಿಯಲ್ಲಿ ಗಾಡಿ ಬದಲಿಸಿ ಸೇಡಮಿನ ಕಡೆಗೆ ಹೊರಟಾಗ ಬೆಳಗಿನ ಎಂಟು ಗಂಟೆ. ಮೇ ತಿಂಗಳ ಬಿಸಿಲು ಆಗಲೇ ಮಧ್ಯಾಹ್ನದ ಠೀವಿ ತಳೆದಿತ್ತು. ಕಿಟಕಿಯ ಕಂಬಿ ಮುಟ್ಟುವಂತಿರಲಿಲ್ಲ. ಮಳಖೇಡ ರೋಡ್ ನಿಲ್ದಾಣ ಬಂದಾಗ ಮಾತ್ರ ಸೆಕೆಯನ್ನು ಮರೆತು ಎದ್ದು ನಿಂತೆ. ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ಆಸ್ಥಾನ, 'ಕವಿರಾಜಮಾರ್ಗ'! ಕನ್ನಡ ಎಂ.ಎ. ಮಾಡಿದವನು ಈ ನಿಲ್ದಾಣವನ್ನು ಕುಳಿತೇ ದಾಟುವುದೆಂತು? ಎದುರಿನವರು ನಾನು ಇಳಿಯುವೆನೆಂದು ಭಾವಿಸಿ ನನ್ನ ಜಾಗದಲ್ಲಿ ವಸ್ತ್ರ ಹಾಸಿಬಿಟ್ಟರು. ಸೇಡಮಿನವರೆಗೆ ನಿಂತೇ ಹೋದೆ.

ಅಲ್ಲಿಂದ ಚಿಂಚೋಳಿಗೆ ಬಸ್ಸು. ದಾರಿಯುದ್ದಕ್ಕೂ ತೊಗರಿ ಕೊಯ್ದ ಹೊಲಗಳು ಬಿರುಕುಬಿಟ್ಟು ಮಲಗಿದ್ದವು. ಮುಲ್ಲಾಮಾರಿ ನದಿಯ ಈ ಊರನ್ನು ಹಿಂದೆ ಬಿಟ್ಟು ಮುಂದೆ ಸಾಗಿದರೆ, ಬಿಸಿಲಿಗೇ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಇಂಥದೊಂದಿದೆಯೆಂದು ಹೊರಗಿನವರು ನಂಬಲಾರದಂಥ ಕಾಡು ಎದುರಾಗುತ್ತದೆ. ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಇದರ ವಿಸ್ತಾರ ಸುಮಾರು ೧೩೫ ಚದರ ಕಿಲೋಮೀಟರು. ಅಲ್ಲಿನ ಚಂದ್ರಂಪಳ್ಳಿ ಜಲಾಶಯದ ದಡದಲ್ಲಿ ಸಂಜೆ ಕುಳಿತು, ಹುಡುಗಾಟಕ್ಕೆ ಎರಡು ಕಲ್ಲು ಎಸೆದೆ. ಉಂಗುರದಂತೆ ಹರಡಿದ ಅಲೆಗಳು ಒಂದನ್ನೊಂದು ಹಾಯ್ದು, ಕೆಲವೆಡೆ ಉಬ್ಬಿ, ಕೆಲವೆಡೆ ಅಡಗಿದವು. ಬೆಳಕೂ ಹೀಗೆಯೇ ಅಲೆಯಲೆಯಾಗಿ ಬರುತ್ತದೆಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು.

ಕಾಡಂಚಿನ ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ. ರಾತ್ರಿ ಅಲ್ಲಿಯೇ ಬಿಡಾರ. ಜೋಳದ ರೊಟ್ಟಿಯ ಊಟ ಮುಗಿಸಿ ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಕುಳಿತಾಗ, ಹುಡುಗನ ತಂದೆ ತಮ್ಮ ಸಂಕಟವನ್ನು ತೋಡಿಕೊಂಡರು. ಸಾಲ ಮಾಡಿ ಹೊಲದಲ್ಲಿ ಸೌರ ಪಂಪು ಹಾಕಿಸಿದ್ದಾರೆ.

“ಬ್ಯಾಸಗಿ ಬಿಸಲ ಹಿಂಗ ಸುಡ್ಲತ್ತದ. ಆದ್ರ ಮಾಘದಾಗ ಬಂದಷ್ಟೂ ನೀರು ಬರವಲ್ದು. ಇದು ಮೋಸ ಅಲ್ಲೇನ್ರಿ ಸರ?”

ಮಾರಿದವನು ಹಳೆಯ ಹಲಗೆಗಳನ್ನು ಕಟ್ಟಿಹೋಗಿದ್ದಾನೆಂದು ಅವರ ಗುಮಾನಿ. ಬೆಳಗಾದೊಡನೆ ಹೋಗಿ ಜಗಳ ತೆಗೆಯುವುದೆಂದು ನಿಶ್ಚಯವಾಗಿತ್ತು. ಓದಿದವನೆಂದು ನನ್ನನ್ನೂ ಜೊತೆಗೆ ಕರೆದರು. ಒಬ್ಬನ ಮೇಲೆ ಕಳ್ಳತನ ಹೊರಿಸುವ ಮಾತಿಗೆ ತಿಳಿಯದೆ ಸಾಕ್ಷಿಯಾಗುವುದು ಹೇಗೆ? ಭೌತಶಾಸ್ತ್ರದ ನನ್ನ ಸಹೋದ್ಯೋಗಿಗೆ ಫೋನು ಮಾಡಿದೆ.

“ನೀವು ಕುಳಿತಿರುವ ಕಲ್ಲು ಬಿಸಿಯಾಗಿದೆಯೇ?” ಎಂದರು.

“ಹಂಚಿನಂತಿದೆ.”

“ಆ ಕಾವೂ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕೇ. ಹಲಗೆಯನ್ನು ಅದರ ಮುಂದೆ ರಾತ್ರಿಯಿಡೀ ಹಿಡಿಯಿರಿ, ಪಂಪು ತಿರುಗೀತೇ?”

ಆಮೇಲೆ ಅವರು ಹೇಳಿದ್ದು, ನನಗೆ ದಕ್ಕಿದಷ್ಟು, ಇದು. ೧೮೮೭ರಲ್ಲಿ ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿ, ನೇರಳಾತೀತ ಬೆಳಕು ಬಿದ್ದಾಗ ಲೋಹದ ತುದಿಗಳ ನಡುವೆ ಕಿಡಿ ಸುಲಭವಾಗಿ ಹಾರುವುದನ್ನು ಕಂಡ. ಬೆಳಕು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರಗೆ ಹಾರಿಸುತ್ತದೆಂಬುದು ಮುಂದೆ ತಿಳಿಯಿತು. ಆದರೆ ಸತುವಿನ ತಗಡಿನ ಮೇಲೆ ಕೆಂಪು ಬೆಳಕನ್ನು ಎಷ್ಟೇ ಸುರಿದರೂ ಒಂದು ಎಲೆಕ್ಟ್ರಾನೂ ಹೊರಬೀಳದು; ಮಂದವಾದ ನೇರಳಾತೀತ ಕಿರಣ ತಗುಲಿದರೆ ಆ ಕ್ಷಣವೇ ಬೀಳುತ್ತದೆ. ಬೆಳಕು ಬರಿಯ ಅಲೆಯಾಗಿದ್ದರೆ, ಕೆಂಪು ಬೆಳಕನ್ನೇ ಹೆಚ್ಚು ಹೊತ್ತು ಹಾಯಿಸಿ ಕೆಲಸ ಸಾಧಿಸಬಹುದಾಗಿತ್ತಲ್ಲ! ೧೯೦೫ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರನಾಗಿದ್ದ ಐನ್‌ಸ್ಟೈನ್ ಇದಕ್ಕೆ ಉತ್ತರ ಕೊಟ್ಟ: ಬೆಳಕು ತನ್ನ ಶಕ್ತಿಯನ್ನು ಕಾಳುಕಾಳಾಗಿ ಒಪ್ಪಿಸುತ್ತದೆ. ಕೆಂಪಿನ ಕಾಳು ಸಣ್ಣದು, ನೇರಳೆಯದು ದೊಡ್ಡದು. ಸಾಮಾನ್ಯವಾಗಿ ಒಂದು ಎಲೆಕ್ಟ್ರಾನಿಗೆ ಒಂದೇ ಕಾಳಿನ ಪೆಟ್ಟು. ಈ ಮಾತನ್ನು ನಂಬದೆ, ಅಮೆರಿಕದ ಮಿಲಿಕನ್ ವರ್ಷಗಟ್ಟಲೆ ಪ್ರಯೋಗ ನಡೆಸಿ, ೧೯೧೬ರಲ್ಲಿ ಐನ್‌ಸ್ಟೈನನ ಲೆಕ್ಕವೇ ಸರಿಯೆಂದು ತನ್ನ ಕೈಯಾರೆ ತೋರಿಸಬೇಕಾಯಿತು. ಐನ್‌ಸ್ಟೈನನಿಗೆ ೧೯೨೧ರ ನೊಬೆಲ್ ಬಹುಮಾನ ಸಂದದ್ದು ಮುಖ್ಯವಾಗಿ ಇದಕ್ಕೇ, ಸಾಪೇಕ್ಷತಾ ಸಿದ್ಧಾಂತಕ್ಕಲ್ಲ. ಹಾಗೆಂದು ಅಲೆ ಸುಳ್ಳಾಗಲಿಲ್ಲ, ಎರಡೂ ನಿಜವಂತೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದ್ದೀತು!

ಸೌರ ಹಲಗೆಯ ಸಿಲಿಕಾನಿನಲ್ಲಿ ಎಲೆಕ್ಟ್ರಾನು ಹೊರಗೆ ಹಾರದೆ ಒಳಗೇ ಕಟ್ಟು ಬಿಚ್ಚಿಕೊಂಡು ಓಡಾಡುತ್ತದೆ. ಆದರೆ ಕಾಳಿನ ನಿಯಮ ಅದೇ. ಅಲ್ಲಿ ಕೆಂಪಿನ ಕಾಳೂ ಸಾಕು. ಬಿಸಿ ಕಲ್ಲಿನ ಕಾವಿನ ಕಾಳಾದರೋ, ಬೇಕಾದುದರ ಎಂಟರಲ್ಲಿ ಒಂದು ಪಾಲಿನಷ್ಟು ಬರಬಹುದು. ಅಷ್ಟೇ ಅಲ್ಲ, ಹಲಗೆ ಕಾದಷ್ಟೂ ನಷ್ಟ: ೨೫ ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು ೦.೪ರಷ್ಟು ವಿದ್ಯುತ್ತು ಇಳಿಯುತ್ತದೆ. ಮೇ ತಿಂಗಳ ನಡುಹಗಲಲ್ಲಿ ಹಲಗೆ ೬೫ ಡಿಗ್ರಿ ಮುಟ್ಟಿದರೆ ನೂರಕ್ಕೆ ೧೬ರಷ್ಟು ಹೋಯಿತು. ಧೂಳು ಬೇರೆ, ಬೇಸಗೆಯಲ್ಲಿ ಬಾವಿಯ ನೀರು ಆಳಕ್ಕಿಳಿಯುವುದು ಬೇರೆ.

ಇದನ್ನೆಲ್ಲ ನನ್ನ ಗ್ರಾಂಥಿಕ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನಾನೇ ಬೆವರಿದ್ದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಎಂದರು:

“ಮಾವಿನಕಾಯಿಗಿ ಜ್ವಾಳದ ಕಾಳು ಚೀಲಗಟ್ಲೆ ತೂರಿದ್ರ ಬೀಳಂಗಿಲ್ಲ. ಕವಣಿ ಕಲ್ಲು ಒಂದೇ ಸಾಕು. ಹಿಂಗ ಹೌದಲ್ರಿ?”

ಹತ್ತು ನಿಮಿಷದ ನನ್ನ ಉಪನ್ಯಾಸ ಒಂದು ಮಾತಿಗೆ ಇಳಿದಿತ್ತು. ಆದರೂ ಅಂಗಡಿಯವನ ಮೇಲಿನ ಸಂಶಯ ಪೂರ್ತಿ ಹೋಗಲಿಲ್ಲ. ಹಲಗೆ ತೊಳೆದು ಎಂಟು ದಿನ ನೋಡುವುದು, ಆಮೇಲೆ ಬೇಕಾದರೆ ಜಗಳ ಎಂದು ತೀರ್ಮಾನವಾಯಿತು.

ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಕೊಡ, ಬಟ್ಟೆ ಹಿಡಿದು ಹೊಲಕ್ಕೆ ಹೋಗಿದ್ದರು. ಬರಿಗಾಲಲ್ಲಿ ಅಂಗಳಕ್ಕಿಳಿದೆ. ರಾತ್ರಿ ಸುಟ್ಟ ಕಲ್ಲು ತಣ್ಣಗಿತ್ತು. ಹೊತ್ತು ಹುಟ್ಟಿ ತುಸು ಮೇಲೇರಿತ್ತು. ಹುಡುಗನೊಡನೆ ಹೊಲ ಸೇರುವಷ್ಟರಲ್ಲಿ ತೊಳೆದ ಹಲಗೆಗಳ ಮೇಲೆ ಎಳೆಬಿಸಿಲು ಹರಡಿತ್ತು. ಪೈಪು ಎರಡು ಸಲ ಕೆಮ್ಮಿ, ಬೆರಳ ಗಾತ್ರದ ನೀರನ್ನು ಕಾಲುವೆಗೆ ಬಿಟ್ಟಿತು.